ಕನ್ನಡ ಪುಸ್ತಕಗಳಿಗೆ ಕೋಹಾ ಹೊಂದುತ್ತದೆಯೇ?

ಕಾಲೇಜು ಗ್ರಂಥಾಲಯಕ್ಕೆ ಸಾಫ್ಟ್‌ವೇರ್ ಹುಡುಕಲು ಹೊರಟವರಿಗೆ ಕೋಹಾ ಎಂಬ ಹೆಸರು ಬೇಗ ಎದುರಾಗುತ್ತದೆ. ನ್ಯೂಜಿಲೆಂಡಿನ ಹೊರೊವೆನುವಾ ಲೈಬ್ರರಿ ಟ್ರಸ್ಟಿನ ಹಳೆಯ ವ್ಯವಸ್ಥೆ 2000ನೇ ಇಸವಿ ದಾಟುವಂತಿರಲಿಲ್ಲ. ಅದಕ್ಕೆ ಬದಲಿಯಾಗಿ 1999ರಲ್ಲಿ ಕಟ್ಟಿದ್ದು ಇದು. ಲೈಸೆನ್ಸ್ ಶುಲ್ಕವಿಲ್ಲ, ವರ್ಷಕ್ಕೆರಡು ಹೊಸ ಆವೃತ್ತಿ ಬರುತ್ತವೆ, ಸಿಬ್ಬಂದಿಗೂ ಓದುಗರಿಗೂ ಬ್ರೌಸರ್ ಇದ್ದರೆ ಸಾಕು. ಪುಸ್ತಕ ಕೊಡುವುದು, ವಾಪಸ್ ಪಡೆಯುವುದು, ಕಾಯ್ದಿರಿಸುವುದು ಇವುಗಳಲ್ಲಿ ತಕರಾರಿಲ್ಲ. ಕಪಾಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಕನ್ನಡ ಪುಸ್ತಕಗಳಿದ್ದರೆ ಮಾತ್ರ ಅಳವಡಿಸಿದ ದಿನದಿಂದಲೇ ತೊಡಕು ಶುರು. ಅದನ್ನು ಸರಿಪಡಿಸಬಹುದು, ಆದರೆ ಯಾರಾದರೂ ಕೂತು ಸರಿಪಡಿಸಬೇಕು.

ಮುಖ್ಯ ತೊಡಕು ಹುಡುಕಾಟದ್ದು. ಕೋಹಾದ ಹುಡುಕಾಟ ಸಾಮಾನ್ಯವಾಗಿ ನಡೆಯುವುದು ಝೆಬ್ರಾ ಎಂಬ ಸಾಫ್ಟ್‌ವೇರ್ ಕಟ್ಟುವ ಇಂಡೆಕ್ಸಿನ (ಪದಸೂಚಿಯ) ಮೇಲೆ. ಅದು ಮೂಲದಲ್ಲಿ ಅಕ್ಷರಗಳ ಒಂದು ಪಟ್ಟಿಯನ್ನು ನೋಡಿಕೊಂಡು ಪದಗಳನ್ನು ಬಿಡಿಸುತ್ತದೆ, ಆ ಪಟ್ಟಿಯಲ್ಲಿ ಕನ್ನಡಕ್ಕೆ ಜಾಗವಿಲ್ಲ. ಹಾಗಾಗಿ ಕನ್ನಡದಲ್ಲಿ ಹುಡುಕಿದರೆ ಇರುವ ಪುಸ್ತಕವೂ ಸಿಗದೆ ಹೋಗಬಹುದು, ಸಂಬಂಧವಿಲ್ಲದ್ದು ರಾಶಿ ಬೀಳಬಹುದು. ಮದ್ದು ಇದೆ: ಝೆಬ್ರಾದ ಇಂಡೆಕ್ಸ್ ಸಂರಚನೆಯ ಕಡತದಲ್ಲಿ ‘ಚಾರ್‌ಮ್ಯಾಪ್’ ಎಂದಿರುವ ಸಾಲನ್ನು ತೆಗೆದು ‘ಐಸಿಯು ಚೈನ್’ ಸಾಲು ಹಾಕಬೇಕು (ಆಸ್ಪತ್ರೆಯ ಐಸಿಯು ಅಲ್ಲ, ಯೂನಿಕೋಡ್ ಭಾಷೆಗಳನ್ನು ಸಂಭಾಳಿಸುವ ಸಾಫ್ಟ್‌ವೇರ್ ಅದು). ಆಮೇಲೆ ಝೆಬ್ರಾವನ್ನು ನಿಲ್ಲಿಸಿ ಮತ್ತೆ ಶುರುಮಾಡಿ, ಇಡೀ ಇಂಡೆಕ್ಸನ್ನು ಮೊದಲಿಂದ ಕಟ್ಟಿಸಬೇಕು. ಬರೀ ಹೊಸ ದಾಖಲೆಗಳನ್ನು ಇಂಡೆಕ್ಸ್ ಮಾಡಿಸಿದರೆ ಹಳೆಯವು ಹಾಗೇ ಕುರುಡಾಗಿ ಉಳಿಯುತ್ತವೆ. ಅಳವಡಿಸುವ ಏಜೆನ್ಸಿಯವರಿಗೆ ಕೆಲಸ ಒಪ್ಪಿಸುವ ಮುಂಚೆಯೇ ಇದನ್ನು ಬರವಣಿಗೆಯಲ್ಲಿ ಕೇಳಿ. ಇಂಗ್ಲಿಷ್ ಪುಸ್ತಕಗಳಲ್ಲಿ ಡೆಮೊ ತೋರಿಸಿದರೆ ಈ ದೋಷ ಕಾಣುವುದೇ ಇಲ್ಲ.

ಐಸಿಯು ಹಾಕಿದ ಮೇಲೂ ಒಂದು ಸಣ್ಣ ಕಾಟ ಉಳಿಯುತ್ತದೆ. ‘ಸಾಫ್ಟ್‌ವೇರ್’ ಎಂದು ಬಿಡಿಸಿ ಬರೆಯುವಾಗ ಟ ಮತ್ತು ವ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ. ಒಬ್ಬರು ಅದನ್ನು ಹಾಕಿ ಟೈಪ್ ಮಾಡುತ್ತಾರೆ, ಇನ್ನೊಬ್ಬರು ‘ಸಾಫ್ಟ್ವೇರ್’ ಎಂದು ಒತ್ತಕ್ಷರದಲ್ಲಿ ಮುಗಿಸುತ್ತಾರೆ. ಕಂಪ್ಯೂಟರಿಗೆ ಇವು ಎರಡು ಬೇರೆ ಪದ. ಐಸಿಯು ಚೈನಿನಲ್ಲಿ ಈ ಕಾಣದ ಜೋಡಕಗಳನ್ನು ತೆಗೆದುಹಾಕುವ ಒಂದು ಸಾಲು ಸೇರಿಸಿದರೆ ಎರಡೂ ಒಂದೇ ಕಡೆ ಸಿಗುತ್ತವೆ. ಸೇರಿಸಿದ ಮೇಲೆ ಇಂಡೆಕ್ಸನ್ನು ಮತ್ತೆ ಪೂರ್ತಿ ಕಟ್ಟಿಸಿ.

ಇನ್ನು ಹಳೆಯ ಪಟ್ಟಿಯನ್ನು ಒಳಗೆ ತರುವ ಕೆಲಸ. ಹಲವು ಕಡೆ ಪುಸ್ತಕಗಳ ಪಟ್ಟಿ ಇರುವುದು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ, ಎಕ್ಸೆಲ್ ಕಡತದಲ್ಲಿ. ಮೊದಲು ಯೂನಿಕೋಡಿಗೆ ಬದಲಿಸಬೇಕು. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತಿತ್ತು, ಯೂನಿಕೋಡಿನಲ್ಲಿ ಮೊದಲು ಬರಬೇಕು. ಕಳಪೆ ಪರಿವರ್ತಕಗಳು ಇದನ್ನು ಹಿಂದೆ ಮುಂದೆ ಮಾಡದೆ ‘ಕರ್ನಾಟಕ’ವನ್ನು ‘ಕನಾರ್ಟಕ’ ಮಾಡಿಬಿಡುತ್ತವೆ. ಎಕ್ಸೆಲ್‌ನಲ್ಲಿ ‘ಕನಾರ್’, ‘ಮಾಗರ್’, ‘ವಷರ್’ ಎಂದು ಹುಡುಕಿ ನೋಡಿ, ಪರಿವರ್ತಕ ಎಂಥದ್ದೆಂದು ಗೊತ್ತಾಗುತ್ತದೆ. ದಾಖಲಾತಿ ಸಂಖ್ಯೆಯ ಕಾಲಂ ಅನ್ನು ‘ಟೆಕ್ಸ್ಟ್’ ಮಾಡದಿದ್ದರೆ 000123 ಹೋಗಿ 123 ಆಗುತ್ತದೆ, ಬಾರ್‌ಕೋಡ್ ಸ್ಕ್ಯಾನ್ ಮಾಡಿದಾಗ ಪುಸ್ತಕ ಸಿಗುವುದಿಲ್ಲ.

ಎಕ್ಸೆಲ್ ಪಟ್ಟಿಯನ್ನು ಮಾರ್ಕ್ (ಗ್ರಂಥಾಲಯಗಳು ಬಳಸುವ ಪ್ರಮಾಣಿತ ರೂಪ) ದಾಖಲೆಗಳಾಗಿಸಲು ಮಾರ್ಕ್‌ಎಡಿಟ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು, ಯೂನಿಕೋಡ್ ಅಕ್ಷರ ಉಳಿಸುವ ಯುಟಿಎಫ್-8 ಆಯ್ಕೆ ಮರೆಯಬಾರದು. ಮಾರ್ಕ್‌ನಲ್ಲಿ ಪ್ರತಿ ವಿವರದ ಜಾಗಕ್ಕೂ ಒಂದು ಸಂಖ್ಯೆ: ಲೇಖಕರು 100ಕ್ಕೆ, ಶೀರ್ಷಿಕೆ 245ಕ್ಕೆ, ಪ್ರತಿಯ ವಿವರ ಕೋಹಾದ 952ಕ್ಕೆ ಹೋಗಬೇಕು. ಲೇಖಕರ ಹೆಸರನ್ನು ‘ಬೇಂದ್ರೆ, ದ. ರಾ.’ ಎಂದು ಇನಿಷಿಯಲ್‌ಗಳ ನಡುವೆ ಜಾಗ ಬಿಟ್ಟು, ಎಲ್ಲ ಕಡೆ ಒಂದೇ ರೀತಿ ಬರೆಯಿರಿ. ‘ದ.ರಾ.ಬೇಂದ್ರೆ’ ಎಂದು ಅಂಟಿಸಿದರೆ ಮೂರೂ ಸೇರಿ ಒಂದೇ ಪದವಾಗಿ, ‘ಬೇಂದ್ರೆ’ ಎಂದಷ್ಟೇ ಹುಡುಕಿದವರಿಗೆ ಸಿಗದೆ ಹೋಗುವ ಅಪಾಯವಿದೆ. ಒಮ್ಮೆಗೇ ಇಡೀ ಪಟ್ಟಿ ಸುರಿಯದೆ ಮೊದಲು ಐವತ್ತು ದಾಖಲೆ ಏರಿಸಿ ನೋಡುವುದು ಒಳ್ಳೆಯದು. ಕೋಹಾ ದಾಖಲೆಗಳನ್ನು ಮೊದಲು ತಾತ್ಕಾಲಿಕವಾಗಿ ಇಟ್ಟುಕೊಂಡು ಆಮೇಲೆ ಸೇರಿಸುತ್ತದೆ, ಕೆಟ್ಟರೆ ಇಡೀ ಕಂತನ್ನು ವಾಪಸ್ ತೆಗೆಯುವ ಬಟನ್ನೂ ಇದೆ. ಈ ಒಂದು ಸೌಲಭ್ಯಕ್ಕೇ ಕೋಹಾಕ್ಕೆ ಹೆಚ್ಚು ಅಂಕ ಕೊಡಬೇಕು.

ಹೊಸ ಪುಸ್ತಕಗಳ ದಾಖಲೆಯನ್ನು ಝಡ್39.50 (ಗ್ರಂಥಾಲಯಗಳ ಕಂಪ್ಯೂಟರುಗಳು ಪರಸ್ಪರ ಹುಡುಕುವ ವಿಧಾನ) ಮೂಲಕ ಬೇರೆ ಗ್ರಂಥಾಲಯಗಳಿಂದ ಎಳೆದುಕೊಳ್ಳಬಹುದು ಎಂಬುದು ಇಂಗ್ಲಿಷ್ ಪುಸ್ತಕಗಳಿಗೆ ನಿಜಕ್ಕೂ ಸಮಯ ಉಳಿಸುತ್ತದೆ. ಕನ್ನಡಕ್ಕೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಿಂದ ಬರುವುದು ಹೆಚ್ಚಾಗಿ ಚುಕ್ಕೆ ಗೆರೆಗಳಿರುವ ರೋಮನ್ ಲಿಪಿಯ ದಾಖಲೆ, ಹಳೆಯ ಪುಸ್ತಕಗಳಿಗೆ ಹುಡುಕಲು ಐಎಸ್‌ಬಿಎನ್ನೇ ಇರುವುದಿಲ್ಲ. ರೋಮನ್ ಶೀರ್ಷಿಕೆಯನ್ನು ಅಳಿಸಬೇಡಿ. ಅದನ್ನು ಪರ್ಯಾಯ ಶೀರ್ಷಿಕೆಯ 246ಕ್ಕೆ ಸರಿಸಿ, ಚುಕ್ಕೆಗಳನ್ನು ತೆಗೆದು, ವಿದ್ಯಾರ್ಥಿಗಳು ಮೊಬೈಲಿನಲ್ಲಿ ಟೈಪ್ ಮಾಡುವ ಹಾಗೆ ಬರೆಯಿರಿ. 245ರಲ್ಲಿ ಕನ್ನಡ ಲಿಪಿ ಇರಲಿ. ಕನ್ನಡ ಕೀಬೋರ್ಡ್ ಇಲ್ಲದವರಿಗೂ ಪುಸ್ತಕ ಸಿಗುತ್ತದೆ.

ಪುಸ್ತಕದ ಬೆನ್ನುಪಟ್ಟಿಯ ಲೇಬಲ್ ಮುದ್ರಿಸುವ ಕೋಹಾದ ಉಪಕರಣ ಕನ್ನಡದ ಮಟ್ಟಿಗೆ ಸೋತಿದೆ. ಅದರ ಪಿಡಿಎಫ್ ಒತ್ತಕ್ಷರ ಕೂಡಿಸುವುದಿಲ್ಲ, ‘ಚಂದ್ರ’ದ ‘ದ್ರ’ ಒಡೆದು ‘ದ್‌ರ’ ಆಗಿ ಬರುತ್ತದೆ. ಅದೇ ಕಂತನ್ನು ಸಿಎಸ್‌ವಿಯಾಗಿ ಇಳಿಸಿಕೊಂಡು ಲಿಬ್ರೆಆಫೀಸಿನ ಮೇಲ್ ಮರ್ಜ್‌ನಲ್ಲಿ ಮುದ್ರಿಸಿದರೆ 894.8143ರ (ಕನ್ನಡ ಕಥೆ, ಕಾದಂಬರಿಗಳ ವರ್ಗ ಸಂಖ್ಯೆ) ಕೆಳಗೆ ಕನ್ನಡ ಅಕ್ಷರಗಳು ನೆಟ್ಟಗೆ ಕೂರುತ್ತವೆ.

ದಂಡ ಹಾಕುವ ಗ್ರಂಥಾಲಯಗಳು ಕ್ಯಾಲೆಂಡರಿನಲ್ಲಿ ಭಾನುವಾರ ಮತ್ತು ರಜೆಗಳನ್ನು ಮೊದಲೇ ಗುರುತಿಸಿ, ದಂಡದ ಲೆಕ್ಕ ಆ ಕ್ಯಾಲೆಂಡರನ್ನೇ ಅನುಸರಿಸುವಂತೆ ಸೆಟ್ಟಿಂಗ್ ಇಡಬೇಕು, ಇಲ್ಲವಾದರೆ ದಸರಾ ರಜೆಗೂ ದಂಡ ಬೀಳುತ್ತದೆ. ಪರದೆಯನ್ನು ಕನ್ನಡಕ್ಕೆ ಬದಲಿಸಬಹುದು, ಅಲ್ಲಲ್ಲಿ ಇಂಗ್ಲಿಷ್ ಇಣುಕುತ್ತದೆ.

ಸರ್ವರ್ ಕಟ್ಟಡದೊಳಗೇ ಇದ್ದರೆ ಇಂಟರ್ನೆಟ್ ಹೋದರೂ ಕೌಂಟರ್ ನಡೆಯುತ್ತದೆ, ಆದರೆ ಯುಪಿಎಸ್ ಬೇಕೇ ಬೇಕು. ರಾತ್ರಿಯ ಬ್ಯಾಕಪ್ ತಾನಾಗೇ ಆಗುತ್ತದೆ, ಅದೂ ಅದೇ ಡಿಸ್ಕಿನಲ್ಲಿ. ಡಿಸ್ಕ್ ಹೋದರೆ ಬ್ಯಾಕಪ್ಪೂ ಹೋಯಿತು. ಪ್ರತಿ ದಿನ ಬೇರೆ ಕಂಪ್ಯೂಟರಿಗೆ ಒಂದು ಪ್ರತಿ ಹೋಗುವಂತೆ ಮಾಡಿಸಿ, ಆ ಪ್ರತಿಯಿಂದ ಇನ್ನೊಂದು ಯಂತ್ರದಲ್ಲಿ ಕೋಹಾ ಎಬ್ಬಿಸಿ ತೋರಿಸಿದ ಮೇಲೆಯೇ ಏಜೆನ್ಸಿಯ ಕೊನೆಯ ಬಿಲ್ಲಿಗೆ ಸಹಿ ಹಾಕಿ.