ದಿನಾ ಹಾಕಿಕೊಳ್ಳೋಕೆ ಯಾವ ಮೀನಾ ಓಲೆ? ಜೈಪುರದ ಬೆಳ್ಳಿ, ಕುಂದನ್, ಬನಾರಸಿನ ಗುಲಾಬಿ

ಕೈಕೆಲಸದ ಮೀನಾ (ಲೋಹದಲ್ಲಿ ಬಣ್ಣದ ಗಾಜು ಕೂರಿಸುವ ಕೆಲಸ) ಓಲೆಯನ್ನು ದಿನಾ ಆಫೀಸಿಗೆ ಹಾಕಿಕೊಂಡು ಹೋಗಬೇಕು ಅನ್ನೋರಿಗೆ ನನ್ನ ಉತ್ತರ ಒಂದೇ: ಜೈಪುರದ ಬೆಳ್ಳಿ ಓಲೆ, ಕುಂದನ್ (ಅರಗಿನ ಮೇಲೆ ಹರಳು ಕೂರಿಸುವ ಕೆಲಸ) ಇಲ್ಲದ್ದು. ನನ್ನ ಹತ್ತಿರ ಮೂರು ಥರದ್ದು ಇವೆ. ಒಂದು ಇದೇ ಬೆಳ್ಳಿಯದು. ನೀಲಿ, ಹಸಿರು ಮೀನಾ, ನಡುವೆ ಗಾರ್ನೆಟ್ ಹರಳು. ಎರಡನೆಯದು ಚಿನ್ನದ ನೀರು ಕೊಟ್ಟ ಬೆಳ್ಳಿಯ ಕುಂದನ್ ಜುಮುಕಿ. ಅದರ ಹಿಂಭಾಗಕ್ಕೂ ಅಂಚಿಗೂ ಮೀನಾ ಇದೆ. ಮೂರನೆಯದು ಬನಾರಸಿನ ಗುಲಾಬಿ ಮೀನಾ. ಮೂರೂ ನೋಡೋಕೆ ಚೆಂದವೇ. ಆದರೆ ಸೋಮವಾರದಿಂದ ಶುಕ್ರವಾರದವರೆಗೆ ನನ್ನ ಕಿವಿಯಲ್ಲಿ ಇರೋದು ಮೊದಲನೆಯದು ಮಾತ್ರ.

ಮೀನಾ ಅಂದರೆ ಬಣ್ಣ ಬಳಿಯೋದಲ್ಲ, ಗಾಜು ಕರಗಿಸೋದು. ಲೋಹದಲ್ಲಿ ಸಣ್ಣ ತಗ್ಗು ಕೆತ್ತಿ, ಬಣ್ಣದ ಗಾಜಿನ ಪುಡಿಯನ್ನು ಒದ್ದೆ ಮಾಡಿ ತುಂಬಿ, ಕುಲುಮೆಯಲ್ಲಿ ಇಡುತ್ತಾರೆ. ಶಾಖ ಸುಮಾರು 750ರಿಂದ 850 ಡಿಗ್ರಿ. ನೀಲಿ ಬರೋದು ಕೋಬಾಲ್ಟಿನಿಂದ, ಹಸಿರು ತಾಮ್ರದಿಂದ. ಎಲ್ಲ ಬಣ್ಣವೂ ಒಂದೇ ಶಾಖ ತಡೆಯೋದಿಲ್ಲ. ಹಾಗಾಗಿ ಗಟ್ಟಿಯಾದ ಬಿಳಿ ಮೊದಲು ಕುಲುಮೆಗೆ ಹೋಗುತ್ತದೆ, ಬೇಗ ಕೆಡುವ ಕೆಂಪು ಕೊನೆಗೆ. ಆಮೇಲೆ ಉಜ್ಜಿ, ಪಾಲಿಶ್ ಮಾಡಿ ಗಾಜನ್ನೂ ಲೋಹವನ್ನೂ ಒಂದೇ ಮಟ್ಟಕ್ಕೆ ತರುತ್ತಾರೆ. 16ನೇ ಶತಮಾನದ ಕೊನೆಯಲ್ಲಿ ಜೈಪುರದ ಪಕ್ಕದ ಆಮೇರದ ರಾಜಾ ಮಾನಸಿಂಗ್ ಲಾಹೋರಿನಿಂದ ಕರೆಸಿಕೊಂಡ ಕುಶಲಿಗರಿಂದ ಬೆಳೆದು ಬಂದ ಕೆಲಸ ಇದು.

ಈಗ ಕುಂದನ್ ಜುಮುಕಿಯ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು, ಯಾಕಂದರೆ ಅಂಗಡಿಯಲ್ಲಿ ಯಾರೂ ಹೇಳೋದಿಲ್ಲ. ನನ್ನ ಕೆಲಸದಲ್ಲಿ ಅರ್ಧ ದಿನ ಫೋನಿನಲ್ಲೇ ಕಳೆಯುತ್ತದೆ. ಫೋನು ಕಿವಿಗೆ ತಂದಾಗೆಲ್ಲ ಜುಮುಕಿಯ ಅಂಚಿಗೆ ತಾಗುತ್ತದೆ. ಕೆಲವೇ ವಾರಗಳಲ್ಲಿ ಕೆಳಗಿನ ಅಂಚಿನ ಹಸಿರು ಮೀನಾದಲ್ಲಿ ಚಕ್ಕೆ ಎದ್ದಿತು. ಎಳ್ಳಿನಷ್ಟು ಜಾಗ. ಅಷ್ಟೇ ಅಲ್ವಾ, ತುಂಬಿಸಿಕೊಟ್ಟಾರು ಅಂತ ಅಂಗಡಿಗೆ ತಗೊಂಡು ಹೋದೆ.

ಆಗೋದಿಲ್ಲ ಅಂದರು. ಕಾರಣ ಕೇಳಿದರೆ ಸರಿಯಾಗೇ ಇದೆ. ಕುಂದನ್ ಕೆಲಸದಲ್ಲಿ ಹರಳಿಗೆ ಬೆಸುಗೆ ಇರೋದಿಲ್ಲ. ಒಡವೆಯ ಟೊಳ್ಳಿಗೆ ಅರಗು ತುಂಬಿ, ಮೇಲೆ ಹೊಳೆಯುವ ತಗಡಿಟ್ಟು, ಹರಳು ಕೂರಿಸಿ, ಸುತ್ತ ಅಪ್ಪಟ ಚಿನ್ನದ ತೆಳು ಎಳೆಯನ್ನು ಒತ್ತಿ ಒತ್ತಿ ಹಿಡಿಸುತ್ತಾರೆ. ಮೀನಾ ಆಗೋದು ಇದಕ್ಕೆಲ್ಲ ಮೊದಲು. ಈಗ ಚಕ್ಕೆ ಎದ್ದ ಜಾಗಕ್ಕೆ ಮತ್ತೆ ಗಾಜು ಕರಗಿಸಬೇಕು ಅಂದರೆ 750 ಡಿಗ್ರಿ ಬೇಕು. ಅರಗು ನೂರು ಡಿಗ್ರಿ ಮುಟ್ಟೋ ಮೊದಲೇ ಮೆತ್ತಗಾಗುತ್ತದೆ. ಅಂದರೆ ಎಲ್ಲ ಹರಳೂ ಕಿತ್ತು, ಅರಗು ತೆಗೆದು, ಕುಲುಮೆಗಿಟ್ಟು, ಮತ್ತೆ ಮೊದಲಿನಿಂದ ಕಟ್ಟಬೇಕು. ಎಳ್ಳಿನಷ್ಟು ಜಾಗಕ್ಕೆ ಇಡೀ ಜುಮುಕಿ ಬಿಚ್ಚಿದಂತೆ.

ಇನ್ನೊಂದು ಅಂಗಡಿಯವರು ಅಲ್ಲೇ ಕೂತು ಹಸಿರು ರೆಸಿನ್ (ಪ್ಲಾಸ್ಟಿಕ್‌ನಂಥ ಅಂಟು) ತುಂಬಿಕೊಟ್ಟರು. ದೂರಕ್ಕೆ ಗೊತ್ತಾಗೋದಿಲ್ಲ. ಬೆಳಕಿಗೆ ಹಿಡಿದರೆ ಸುತ್ತಲಿನ ಗಾಜಿನ ಒಳಗೆ ಬೆಳಕು ಇಳಿಯುತ್ತದೆ, ಆ ಚುಕ್ಕೆಯಲ್ಲಿ ಮಾತ್ರ ಸತ್ತುಹೋಗುತ್ತದೆ. ನನ್ನ ಕಣ್ಣು ಈಗ ಮೊದಲು ಹೋಗೋದೇ ಅಲ್ಲಿಗೆ.

ಕುಂದನ್ ಕೆಲಸದ ಮೇಲೆ ನನಗೆ ಬೇಸರ ಇಲ್ಲ. ಕೆತ್ತುವವರು ಬೇರೆ, ಮೀನಾ ತುಂಬುವವರು ಬೇರೆ, ಹರಳು ಕಟ್ಟುವ ಜಡಿಯರು ಬೇರೆ. ಒಂದು ಜುಮುಕಿಗೆ ಅಷ್ಟು ಕೈ ತಾಗಿರುತ್ತದೆ. ನಮ್ಮ ಕಡೆಯ ಹಳೆಯ ಕೆಂಪಿನ ಒಡವೆಗಳ ಹರಳೂ ಹೀಗೇ ಅರಗಿನ ಮೇಲೆ ಕೂತಿರುತ್ತವೆ. ಅದಕ್ಕೇ ಅಜ್ಜಿ ಹಬ್ಬ ಮುಗಿದ ತಕ್ಷಣ ಒರೆಸಿ, ಹತ್ತಿಯಲ್ಲಿ ಸುತ್ತಿ ಎತ್ತಿಡುತ್ತಿದ್ದರು. ಕುಂದನ್‌ಗೂ ಅದೇ ಉಪಚಾರ ಬೇಕು. ತಲೆಸ್ನಾನದ ನೀರು ಒಳಗೆ ಇಳಿದರೆ ತಗಡು ಮಂಕಾಗಿ ಹರಳು ಕಳೆಗುಂದುತ್ತದೆ.

ಬೆಳ್ಳಿ ಓಲೆಯಲ್ಲಿ ಅರಗೂ ಇಲ್ಲ, ತಗಡೂ ಇಲ್ಲ. ಗಾರ್ನೆಟ್ಟನ್ನು ನಾಲ್ಕು ಪುಟ್ಟ ಬೆಳ್ಳಿ ಕೊಕ್ಕೆಗಳು ಹಿಡಿದಿವೆ, ಹಿಂದೆ ಖಾಲಿ. ಒದ್ದೆಯಾದರೆ ಒರೆಸಿದರೆ ಆಯಿತು. ಮುಖ್ಯವಾಗಿ ಮೀನಾ ಅಂಚಿನವರೆಗೆ ಬಂದಿಲ್ಲ. ಸುತ್ತ ಕೂದಲೆಳೆಗಿಂತ ಸ್ವಲ್ಪ ದಪ್ಪದ ಬೆಳ್ಳಿ ಗೆರೆ ಬಿಟ್ಟಿದ್ದಾರೆ. ಫೋನಿನ ಏಟು ಬೀಳೋದು ಆ ಗೆರೆಗೆ. ಅಲ್ಲಿ ಬೆಳ್ಳಿ ಸವೆದು ಮಸುಕಾಗಿದೆ, ಗಾಜಿಗೆ ಏನೂ ಆಗಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಹಸಿರು ಎಲೆಯ ಗಾಜಿನ ತಳದಲ್ಲಿ ಉಳಿಯ ಗೀರುಗಳು ಕಾಣುತ್ತವೆ, ನಡುವೆ ಒಂದು ಉದ್ದ, ಎರಡೂ ಕಡೆ ಓರೆಯಾಗಿ ಚಿಕ್ಕವು. ಎಡಗಿವಿಯದರಲ್ಲಿ ಒಂದು ಗೀರು ತುಸು ಜಾರಿದೆ. ನನಗೆ ಅದೇ ಇಷ್ಟ. ಆ ಕೈ ಅಲ್ಲಿ ಕಾಣಿಸುತ್ತದೆ.

ಇದರಲ್ಲಿ ಕೆಂಪು ಮೀನಾ ಇಲ್ಲ. ಬೆಳ್ಳಿಯ ಮೇಲೆ ಪಾರದರ್ಶಕ ಕೆಂಪು ಚೆನ್ನಾಗಿ ಬರೋದು ಬಹಳ ಕಷ್ಟ, ಅದಕ್ಕೆ ಚಿನ್ನವೇ ಸರಿ. ಮಾಡಿದವರು ಕೆಂಪನ್ನು ಗಾರ್ನೆಟ್‌ಗೆ ಬಿಟ್ಟಿದ್ದಾರೆ, ಬಹಳ ಜಾಣತನ. ಕಡಿಮೆ ಬೆಲೆಯ ಬೆಳ್ಳಿಯಲ್ಲಿ ಹೊಳೆಯುವ ಮಾಣಿಕ್ಯ ಕೆಂಪು ಕಂಡರೆ ರೆಸಿನ್ ಇರಬಹುದು ಅಂತ ಒಮ್ಮೆ ಅನುಮಾನ ಪಡಿ. ಕೆನ್ನೆಗೆ ತಾಗಿಸಿ ನೋಡಿ. ಗಾಜು ತಣ್ಣಗಿರುತ್ತದೆ, ರೆಸಿನ್ ಅಷ್ಟು ತಣ್ಣಗಿರೋದಿಲ್ಲ.

ಬನಾರಸಿನ ಗುಲಾಬಿ ಮೀನಾ ಬೇರೆಯದೇ ಲೋಕ. ಬಿಳಿ ಮೀನಾದ ಮೇಲೆ ಕುಂಚದಿಂದ ಗುಲಾಬಿ ಬಣ್ಣದಲ್ಲಿ ಹೂ ಬರೆದು ಮತ್ತೆ ಸುಡುತ್ತಾರೆ. ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿರುವ ಕಲೆ. ಕಮಲದ ದಳದ ತುದಿ ಗಾಢ, ಬುಡ ತೆಳು. ಅಷ್ಟು ನಯ. ಆದರೆ ನನ್ನ ಜೋಡಿ ಓಲೆಯಲ್ಲಿ ಬಿಳಿ ಮೀನಾ ಉಬ್ಬಿಕೊಂಡಿದೆ, ಏಟು ನೇರ ಅದಕ್ಕೇ. ಮದುವೆ, ಹಬ್ಬಕ್ಕೆ ಮಾತ್ರ ಹಾಕುತ್ತೇನೆ.

ನಾನು ತಗೊಂಡಾಗಿನ ಬೆಲೆ: ಬೆಳ್ಳಿಯದು 4,500 ರೂಪಾಯಿ, ಬನಾರಸಿನದು 7,000, ಕುಂದನ್ 11,000. ತೂಕದಲ್ಲೂ ಬೆಳ್ಳಿಯದೇ ಹಗುರ, ಸಂಜೆ ಕಿವಿ ನೋಯೋದಿಲ್ಲ. ನೀವು ಫೋನಿಗೆ ಇಯರ್‌ಫೋನ್ ಹಾಕುವವರು, ಒಡವೆ ಬಿಚ್ಚಿ ಎತ್ತಿಡುವವರು ಆಗಿದ್ದರೆ ಕುಂದನ್ ಧಾರಾಳವಾಗಿ ತಗೊಳ್ಳಿ. ತಗೊಳ್ಳುವಾಗ ಬೆರಳ ತುದಿಯನ್ನು ಅಂಚಿನ ಮೇಲೆ ಸುತ್ತ ಆಡಿಸಿ. ಮೊದಲು ಲೋಹ ತಾಗಬೇಕು, ಆಮೇಲೆ ಗಾಜು.