ಹಂಚಿನ ಮನೆಗೆ ಪಿಒಇ ಕ್ಯಾಮೆರಾ: ಗೋಡೆ ಕೊರೆಯದೆ ಹಾಕಿಸಿದ್ದು ಹೇಗಿದೆ

ಹಳೇ ಮನೆಗೆ ಸಿಸಿಟಿವಿ ಬೇಕು, ಆದರೆ ಗೋಡೆ ಒಡೆಯಬಾರದು ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ: ವೈಫೈ ಕ್ಯಾಮೆರಾ ತರುವ ಮುಂಚೆ ಪಿಒಇ (ಪವರ್ ಓವರ್ ಈಥರ್ನೆಟ್) ಬಗ್ಗೆ ಒಮ್ಮೆ ವಿಚಾರಿಸಿ. ವೈರ್‌ಲೆಸ್ ಅಂತ ಪೆಟ್ಟಿಗೆಯ ಮೇಲೆ ಬರೆದಿದ್ದರೂ ಬಹಳಷ್ಟು ವೈಫೈ ಕ್ಯಾಮೆರಾಗಳಿಗೆ ಕರೆಂಟಿನ ವೈರ್ ಬೇಕೇ ಬೇಕು. ಕ್ಯಾಮೆರಾ ಕೂರಿಸುವುದು ಮಾಡಿನ ಅಂಚಿನಲ್ಲಿ. ಅಲ್ಲಿ ಪ್ಲಗ್ ಪಾಯಿಂಟ್ ಯಾರ ಮನೆಯಲ್ಲಿರುತ್ತದೆ? ಪಿಒಇಯಲ್ಲಿ ಒಂದೇ ನೆಟ್‌ವರ್ಕ್ ಕೇಬಲ್ ಸಾಕು. ಕರೆಂಟು ಅದರಲ್ಲೇ ಹೋಗುತ್ತದೆ, ಚಿತ್ರವೂ ಅದರಲ್ಲೇ ಬರುತ್ತದೆ.

ನಮ್ಮದು ಶಿರಸಿ ತಾಲೂಕಿನ ಹಳ್ಳಿ. ಚಿರೇಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ, ಮೇಲೆ ಮಂಗಳೂರು ಹಂಚು. ಕ್ಯಾಮೆರಾ ಬೇಕಾಗಿದ್ದು ಅಡಿಕೆಗೆ. ಚಾಲಿ, ಅಂದರೆ ಸಿಪ್ಪೆ ಸಮೇತ ಬಿಸಿಲಿಗೆ ಹಾಕಿದ ಹಣ್ಣಡಿಕೆ, ಒಣಗಬೇಕಾದರೆ 40-45 ದಿನ ಬಿಸಿಲು ಬೇಕು. ಅಷ್ಟೂ ದಿನ ವರ್ಷದ ದುಡಿಮೆಯೆಲ್ಲ ಅಂಗಳದಲ್ಲೇ ಬಿದ್ದಿರುತ್ತದೆ. ಸುತ್ತಲ ಊರುಗಳಲ್ಲಿ ಒಣಗಿದ ಅಡಿಕೆ ರಾತ್ರೋರಾತ್ರಿ ಮಾಯವಾಗುವ ಸುದ್ದಿ ಪ್ರತಿ ಸುಗ್ಗಿಯಲ್ಲೂ ಕೇಳುತ್ತೇವೆ. ಎಪ್ಪತ್ತು ದಾಟಿದ ಮಾವ ಟಾರ್ಚ್ ಹಿಡಿದು ನಡುರಾತ್ರಿ ಏಳುವುದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗಲಿಲ್ಲ.

ಮೊದಲು ಬಂದ ಅಂಗಡಿಯವರು ಹಳೇ ಪದ್ಧತಿಯ ಡಿವಿಆರ್ (ರೆಕಾರ್ಡಿಂಗ್ ಪೆಟ್ಟಿಗೆ) ಹೇಳಿದರು. ಪ್ರತಿ ಕ್ಯಾಮೆರಾಕ್ಕೂ ಬೇರೆ ಬೇರೆ ಕೇಬಲ್, ಜಗುಲಿಯಿಂದ ಅಡುಗೆಮನೆವರೆಗೆ ಪಿವಿಸಿ ಪಟ್ಟಿ, ಎರಡು ಕಡೆ ಗೋಡೆ ಕೊರೆಯಬೇಕು ಅಂದರು. ಮಾವ ಒಂದೇ ಮಾತು ಹೇಳಿದರು, “ಗೋಡೆ ಕೊರಿಯೋದಾದ್ರೆ ಕ್ಯಾಮೆರಾನೇ ಬ್ಯಾಡ.” ಅವರು ಹೇಳಿದ್ದು ಸರಿಯೇ. ಚಿರೇಕಲ್ಲಿಗೆ ಒಮ್ಮೆ ಡ್ರಿಲ್ ಹಾಕಿದರೆ ತೂತಿನ ಸುತ್ತ ಉದುರುತ್ತಲೇ ಇರುತ್ತದೆ, ಮಳೆಗಾಲದಲ್ಲಿ ಅಲ್ಲಿಂದಲೇ ನೀರು ಒಸರುತ್ತದೆ.

ಕೊನೆಗೆ ಕೆಲಸ ಮಾಡಿಕೊಟ್ಟದ್ದು ನಮ್ಮ ಊರಿಗೆ ಫೈಬರ್ ಇಂಟರ್ನೆಟ್ ಎಳೆದ ಹುಡುಗ. ಅವನು ಬಂದವನೇ ಗೋಡೆ ನೋಡಲಿಲ್ಲ, ಹಂಚಿನ ಅಡಿಯ ಮೆತ್ತು, ಅಂದರೆ ಮಹಡಿ, ಹತ್ತಿದ. ಟಿವಿ ಡಿಶ್ಶಿನ ಕೇಬಲ್ ಹಂಚಿನ ಸಂದಿಯಿಂದ ಒಳಗೆ ಬಂದು ಜಂತಿಗುಂಟ ಜಗುಲಿಗೆ ಇಳಿದಿತ್ತು. ಡಿಶ್ ನಿಂತು ಎಷ್ಟೋ ಕಾಲವಾಗಿದೆ. ಆ ಕೇಬಲ್ಲಿನ ತುದಿಗೆ ಹೊಸ ಕ್ಯಾಟ್-6 ನೆಟ್‌ವರ್ಕ್ ಕೇಬಲ್ ಕಟ್ಟಿ ಇತ್ತ ಕಡೆಯಿಂದ ಎಳೆದ. ಹಳೆಯದು ಹೊರಗೆ ಬಂತು, ಹೊಸದು ಅದೇ ದಾರಿಯಲ್ಲಿ ಕೂತಿತು. ನಿಮ್ಮ ಮನೆಯಲ್ಲೂ ಇಂಥ ದಾರಿ ಇದ್ದೇ ಇರುತ್ತದೆ. ಹಳೇ ಟೆಲಿಫೋನ್ ಪೈಪ್, ಡಿಶ್ ಕೇಬಲ್, ಸೋಲಾರ್ ಹೀಟರಿನ ಪೈಪ್ ಇಳಿದ ಜಾಗ ಯಾವುದಾದರೂ ಆದೀತು. ಕರೆಂಟಿನ ಪೈಪಿನೊಳಗೆ ಮಾತ್ರ ನೆಟ್‌ವರ್ಕ್ ಕೇಬಲ್ ತೂರಿಸಬೇಡಿ, ಅಪಾಯ.

ಒಂದು ಕೇಬಲ್ಲಿಗೆ ಒಂದೇ ಕ್ಯಾಮೆರಾ ತಾನೇ ಅಂದುಕೊಂಡಿದ್ದೆ. ಅವನು ತಂದ ಪಿಒಇ ಎಕ್ಸ್‌ಟೆಂಡರ್ ನೋಡಿ ಬಹಳ ಖುಷಿಯಾಯಿತು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿ, ಒಂದು ಕೇಬಲ್ ಒಳಗೆ, ಎರಡು ಹೊರಗೆ. ಇದಕ್ಕೆ ಬೇರೆ ಅಡಾಪ್ಟರ್ ಬೇಡ, ಬಂದ ಕರೆಂಟನ್ನೇ ಹಂಚಿಕೊಡುತ್ತದೆ. ಮೆತ್ತಿನ ಮೇಲೆ ಇದನ್ನಿಟ್ಟು ಮುಂದಿನ ಅಂಗಳಕ್ಕೊಂದು, ಹಿಂದಿನ ಬಾಗಿಲಿಗೊಂದು ಕ್ಯಾಮೆರಾ ಕೊಟ್ಟೆವು. ಕೊಳ್ಳುವಾಗ ಒಂದು ಲೆಕ್ಕ ಗೊತ್ತಿರಲಿ. 802.3ಎಎಫ್ ಅನ್ನುವ ಮಟ್ಟದ ಪೋರ್ಟ್ 15.4 ವ್ಯಾಟ್ ಕೊಡುತ್ತದೆ, ದಾರಿಯಲ್ಲಿ ಕಳೆದು ಇನ್ನೊಂದು ತುದಿಗೆ ಸಿಗುವ ಭರವಸೆ 12.95 ವ್ಯಾಟಿನದು. 802.3ಎಟಿ ಆದರೆ 30 ವ್ಯಾಟ್. ಎಕ್ಸ್‌ಟೆಂಡರ್ ಹಾಕುವುದಿದ್ದರೆ ನೆಟ್‌ವರ್ಕ್ ಸ್ವಿಚ್ (ಕೇಬಲ್‌ಗಳೆಲ್ಲ ಬಂದು ಸೇರುವ, ಅವಕ್ಕೆ ಕರೆಂಟು ಕೊಡುವ ಡಬ್ಬಿ) ಎಟಿ ಮಟ್ಟದ್ದೇ ಇರಲಿ. ರಾತ್ರಿ ಕತ್ತಲಲ್ಲಿ ನೋಡಲು ಕ್ಯಾಮೆರಾದ ಐಆರ್ (ಇನ್‌ಫ್ರಾರೆಡ್) ದೀಪ ಹೊತ್ತಿದಾಗ ಕ್ಯಾಮೆರಾ ಎಳೆಯುವ ಕರೆಂಟು ಹೆಚ್ಚುತ್ತದೆ. ಹಗಲು ಚೆನ್ನಾಗಿದ್ದು ಕತ್ತಲಾದ ಮೇಲೆ ಆಫ್ ಆಗುವ ಕ್ಯಾಮೆರಾಗಳ ತೊಂದರೆ ಹೆಚ್ಚಾಗಿ ಇದೇ.

ಕೇಬಲ್ ವಿಷಯದಲ್ಲಿ ದುಡ್ಡು ಉಳಿಸಬೇಡಿ. ಅಗ್ಗದ ಕ್ಯಾಟ್-6 ರೋಲುಗಳಲ್ಲಿ ಹೆಚ್ಚಾಗಿ ಬರುವುದು ತಾಮ್ರದ ಲೇಪದ ಅಲ್ಯೂಮಿನಿಯಂ. ಹುಡುಗ ಎರಡು ತುಂಡು ತಂದು ಬ್ಲೇಡಿನಿಂದ ಕೆರೆದು ತೋರಿಸಿದ. ಒಂದರ ತಂತಿ ಒಳಗೂ ಕೆಂಪೇ. ಇನ್ನೊಂದು ಎರಡು ಸಲ ಕೆರೆಯುವಷ್ಟರಲ್ಲಿ ಬೆಳ್ಳಗೆ ಹೊಳೆಯಿತು, ಬೆರಳಲ್ಲಿ ನಾಲ್ಕು ಸಲ ಬಗ್ಗಿಸಿದ್ದಕ್ಕೆ ಪಟ್ಟನೆ ಮುರಿಯಿತು. ಅಂಥದ್ದರಲ್ಲಿ ಕರೆಂಟು ದೂರ ಹೋದಂತೆ ಕುಸಿಯುತ್ತದೆ, ತಂತಿಯೂ ಬಿಸಿಯಾಗುತ್ತದೆ. ಅಪ್ಪಟ ತಾಮ್ರದ್ದಾದರೆ 100 ಮೀಟರಿನವರೆಗೆ ಚಿಂತೆಯಿಲ್ಲ.

ಕೊಟ್ಟಿಗೆ ಪಕ್ಕದ ಅಡಿಕೆ ಅಟ್ಟ ಮನೆಯಿಂದ ಸುಮಾರು ಅರವತ್ತು ಮೀಟರ್ ದೂರ. ಅಲ್ಲಿಗೆ ವೈಫೈ ಕ್ಯಾಮೆರಾ ಇಟ್ಟು ನೋಡಿದೆವು. ಗೋಡೆ ದಾಟುವಷ್ಟರಲ್ಲೇ ಸಿಗ್ನಲ್ ಸೊರಗಿ ಚಿತ್ರ ನಿಂತು ನಿಂತು ಬರುತ್ತಿತ್ತು. ತಾಮ್ರದ ಕೇಬಲ್ ಎಳೆಯಬಹುದಿತ್ತು, ಆದರೆ ನಮ್ಮ ಕಡೆಯ ಸಿಡಿಲು ಗೊತ್ತಲ್ಲ. ಎರಡು ಕಟ್ಟಡದ ನಡುವೆ ಬಯಲಲ್ಲಿ ತಾಮ್ರ ತೂಗಿದರೆ ಎಲ್ಲೋ ಹತ್ತಿರ ಹೊಡೆದ ಸಿಡಿಲಿನ ಕರೆಂಟು ಅದರ ಮೂಲಕ ನೇರ ಸ್ವಿಚ್ಚಿಗೆ, ರೂಟರಿಗೆ ನುಗ್ಗುತ್ತದೆ. ಹಾಗಾಗಿ ಅಲ್ಲಿಗೆ ಫೈಬರ್ ಎಳೆಸಿ ಎರಡೂ ತುದಿಗೆ ಫೈಬರನ್ನು ನೆಟ್‌ವರ್ಕ್ ಕೇಬಲ್ಲಿಗೆ ಬೆಸೆಯುವ ಮೀಡಿಯಾ ಕನ್ವರ್ಟರ್ ಹಾಕಿಸಿದೆ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಫೈಬರಿನ ಜೊತೆ ಬರುವ ಆಧಾರದ ಎಳೆ ಉಕ್ಕಿನದೋ ಎಫ್‌ಆರ್‌ಪಿಯದೋ (ನಾರು ಸೇರಿದ ಪ್ಲಾಸ್ಟಿಕ್) ಕೇಳಿ ತೆಗೆದುಕೊಳ್ಳಿ. ಉಕ್ಕಿನದಾದರೆ ಫೈಬರ್ ಎಳೆಸಿದ ಉದ್ದೇಶವೇ ಕೆಡುತ್ತದೆ.

ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಇಷ್ಟವಾದದ್ದು ಕರೆಂಟು ಹೋದಾಗಿನ ನಡತೆ. ಆಷಾಢದಲ್ಲಿ ಮರ ಬಿದ್ದು ಲೈನ್ ಹೋದರೆ ಬರುವುದು ಯಾವಾಗ ಅಂತ ಲೈನ್‌ಮ್ಯಾನಿಗೂ ಹೇಳಲಾಗುವುದಿಲ್ಲ. ಸ್ವಿಚ್, ರೆಕಾರ್ಡ್ ಮಾಡುವ ಎನ್‌ವಿಆರ್ ಪೆಟ್ಟಿಗೆ, ರೂಟರ್ ಮೂರೂ ಒಂದೇ ಕಡೆ ಇವೆ. ಆ ಒಂದು ಪ್ಲಗ್ಗಿಗೆ ಇನ್ವರ್ಟರ್ ಲೈನ್ ಕೊಟ್ಟಿದ್ದೇವೆ. ಎಲ್ಲ ಸೇರಿ ಎಳೆಯುವುದು ಒಂದು ಹಳೇ ಗುಂಡು ಬಲ್ಬಿನಷ್ಟು. ಮನೆ ಕತ್ತಲಾದರೂ ಮನೆಯ ಸುತ್ತಲಿನ ಕ್ಯಾಮೆರಾಗಳು ಬೆಳಗಿನವರೆಗೆ ನೋಡುತ್ತಲೇ ಇರುತ್ತವೆ. ಕೊಟ್ಟಿಗೆಯದು ಮಾತ್ರ ಇಲ್ಲ. ಫೈಬರಿನಲ್ಲಿ ಕರೆಂಟು ಹೋಗದ ಕಾರಣ ಅಲ್ಲಿನ ಕನ್ವರ್ಟರಿಗೂ ಕ್ಯಾಮೆರಾಕ್ಕೂ ಅಲ್ಲಿಯದೇ ಲೈನು ಬೇಕು, ಅದು ಹೋದರೆ ಇವೂ ಹೋದವು. ಈ ವ್ಯವಸ್ಥೆಯ ದೊಡ್ಡ ಕೊರತೆ ಇದೇ. ಸಣ್ಣ ಯುಪಿಎಸ್ ಒಂದನ್ನು ಅಲ್ಲಿಗೂ ಇಡಬೇಕು.

ರೆಕಾರ್ಡಿಂಗ್ ಲೆಕ್ಕ ಅಂಗಡಿಯವರು ಸರಿಯಾಗಿ ಹೇಳುವುದಿಲ್ಲ. ಒಂದು ಕ್ಯಾಮೆರಾವನ್ನು 2 ಎಂಬಿಪಿಎಸ್‌ನಲ್ಲಿಟ್ಟರೆ ದಿನಕ್ಕೆ ಸುಮಾರು 21.6 ಜಿಬಿ. ನಾಲ್ಕಕ್ಕೆ 86 ಜಿಬಿ. 1 ಟಿಬಿ ಡಿಸ್ಕ್ ಹನ್ನೊಂದು ದಿನಕ್ಕೆ ತುಂಬಿ ಹಳೆಯದು ಅಳಿಯಲು ಶುರು. ನಮಗದು ಸಾಕು.

ಮಳೆಗೆ ಮಾಡಿಕೊಂಡ ಎರಡು ಏರ್ಪಾಡು ಚೆನ್ನಾಗಿ ಉಳಿದಿವೆ. ಕ್ಯಾಮೆರಾದ ಹಿಂದಿನ ಜೋಡಣೆಯನ್ನು ಮುಚ್ಚಳದ ಡಬ್ಬಿಯಲ್ಲಿಟ್ಟಿದ್ದೇವೆ. ಕೇಬಲ್ ಡಬ್ಬಿಗೆ ಹೋಗುವ ಮೊದಲು ಒಂದು ಗೇಣು ಕೆಳಗೆ ಜೋತುಬಿದ್ದು ಮೇಲೇರುತ್ತದೆ, ಇಳಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಬಗೆಹರಿಯದ ತಾಪತ್ರಯ ಜೇಡ. ಐಆರ್ ಬೆಳಕಿಗೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ, ಲೆನ್ಸಿನ ಮುಂದೆಯೇ ಬಲೆ. ರಾತ್ರಿ ಆ ಎಳೆಗಳು ಬಿಳಿ ಹಗ್ಗದ ಹಾಗೆ ಕಂಡು ಫೋನು ಬಡಿದುಕೊಳ್ಳುತ್ತದೆ. ಮನುಷ್ಯರನ್ನು ಮಾತ್ರ ಗುರುತಿಸುವ ಆಯ್ಕೆ ಹಾಕಿದ ಮೇಲೆ ಬಡಿದುಕೊಳ್ಳುವುದು ಕಡಿಮೆಯಾಗಿದೆ. ಆದರೂ ಆಗಾಗ ಕೋಲಿಗೆ ಬಟ್ಟೆ ಕಟ್ಟಿ ಒರೆಸಲೇಬೇಕು.

ಇನ್ನೊಂದು ಮಾತು. ಹಿಂಬಾಗಿಲ ಕ್ಯಾಮೆರಾದಲ್ಲಿ ಬಾವಿಕಟ್ಟೆ ಪೂರ್ತಿ ಕಾಣುತ್ತಿತ್ತು. ಕೆಲಸಕ್ಕೆ ಬರುವ ಹೆಂಗಸರು ಕೈಕಾಲು ತೊಳೆಯುವುದು ಅಲ್ಲೇ. ಅತ್ತೆ ಅದನ್ನು ನೋಡಿದ ಕೂಡಲೇ ಮುಚ್ಚಿಸು ಅಂದರು. ಎನ್‌ವಿಆರ್‌ನಲ್ಲಿ ಪ್ರೈವೆಸಿ ಮಾಸ್ಕ್ ಅಂತ ಇದೆ, ಆ ಜಾಗಕ್ಕೆ ಕಪ್ಪು ಚೌಕ ಎಳೆದೆ, ರೆಕಾರ್ಡಿಂಗಿನಲ್ಲೂ ಅದು ಬರುವುದಿಲ್ಲ. ಅಡಿಕೆ ಕೊನೆ (ಗೊನೆ) ಕೊಯ್ಯಲು ಬರುವವರಿಗೂ ಎಲ್ಲೆಲ್ಲಿ ಕ್ಯಾಮೆರಾ ಇದೆ ಅಂತ ತೋರಿಸಿದ್ದೇವೆ. ದುಡಿಯಲು ಬಂದವರನ್ನು ಕದ್ದು ನೋಡುವುದಕ್ಕೆ ನಾನಂತೂ ಒಪ್ಪುವುದಿಲ್ಲ.

ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಂ ಜಗತ್ತಿನ ಲಕ್ಷಾಂತರ ಕ್ಯಾಮೆರಾ, ರೂಟರುಗಳೊಳಗೆ ಹೊಕ್ಕಿದ್ದು ಕಂಪನಿ ಕೊಟ್ಟ ಪಾಸ್‌ವರ್ಡ್ ಹಾಗೇ ಬಿಟ್ಟಿದ್ದರಿಂದ. ನಮ್ಮ ದೇಶದಲ್ಲಿ 2025ರ ಏಪ್ರಿಲ್‌ನಿಂದ ಸಿಸಿಟಿವಿಗೆ ಭದ್ರತೆಯ ಹೊಸ ನಿಯಮ ಕಡ್ಡಾಯವಾಗಿದೆ. ಅದರಂತೆ ಪರೀಕ್ಷೆಯಾದ ಮಾಡೆಲ್ ಹೌದೇ ಅಂತ ಅಂಗಡಿಯಲ್ಲಿ ಕೇಳಿ, ಹಳೇ ಸ್ಟಾಕ್ ಅಗ್ಗಕ್ಕೆ ಕೊಟ್ಟರೆ ಬೇಡವೆನ್ನಿ. ಎಲ್ಲ ಕಂಪನಿಗಳಿಗೂ ಹೊಂದುವ ಓಎನ್‌ವಿಐಎಫ್ ಎಂಬ ಮಾನದಂಡ ಇರುವುದನ್ನೇ ಆರಿಸಿದರೆ ಮುಂದೆ ಬೇರೆ ಕಂಪನಿಯ ಕ್ಯಾಮೆರಾವನ್ನೂ ಇದೇ ಎನ್‌ವಿಆರ್‌ಗೆ ಸೇರಿಸಬಹುದು.

ಬಾಡಿಗೆ ಮನೆಯವರಿಗೆ, ಒಂದೇ ಬಾಗಿಲು ಕಾಯಬೇಕಾದ ಪೇಟೆಯ ಫ್ಲ್ಯಾಟಿನವರಿಗೆ ಇಷ್ಟೆಲ್ಲ ಬೇಡ, ಮೆಮೊರಿ ಕಾರ್ಡಿನ ವೈಫೈ ಕ್ಯಾಮೆರಾ ಸಾಕು. ಅಂಗಳ, ಹಿತ್ತಿಲು, ಕೊಟ್ಟಿಗೆ ಇರುವ ಮನೆಗೆ ನಾನು ಇದನ್ನೇ ಹೇಳುವುದು. ನಮ್ಮ ಸ್ವಿಚ್ಚಿನಲ್ಲಿ ಇನ್ನೂ ಎರಡು ಪೋರ್ಟ್ ಖಾಲಿ ಇವೆ. ಮಳೆಗಾಲ ಮುಗಿದ ಮೇಲೆ ತೋಟದ ಪಂಪ್‌ಸೆಟ್ಟಿಗೊಂದು ಹಾಕಿಸುವುದಿದೆ.