ಅನಿಮೆ ಊರುಗಳಿಗೆ ಹೊರಟವರಿಗೆ ಜಪಾನ್ ರೈಲ್ ಪಾಸ್: ದುಡ್ಡಿಗೆ ತಕ್ಕ ಮಾಲೇ?

ಕಾರವಾರ, ಶಿರಸಿ ಕಡೆಯಿಂದ ಜಪಾನಿಗೆ ಹೊರಡುವ ಅನಿಮೆ (ಜಪಾನಿನ ಕಾರ್ಟೂನ್ ಚಿತ್ರ) ಪ್ರಿಯರು ಖರ್ಚಿನ ಪಟ್ಟಿ ಬರೆಯುವಾಗ ವಿಮಾನದ ಟಿಕೆಟ್ ಕೆಳಗೇ ಜಪಾನ್ ರೈಲ್ ಪಾಸ್ ಅಂತ ಬರೆದುಬಿಡುತ್ತಾರೆ. ಹೊರದೇಶದ ಪ್ರವಾಸಿಗರು ಗೊತ್ತಾದಷ್ಟು ದಿನ ರೈಲಿನಲ್ಲಿ ಬೇಕಾದಷ್ಟು ಸಲ ಓಡಾಡಲು ಕೊಡುವ ಪಾಸ್ ಇದು. ಏಳು ದಿನದ ಸಾಮಾನ್ಯ ದರ್ಜೆಯ ಪಾಸ್ ಮೊದಲು 29,650 ಯೆನ್ ಇತ್ತು. 2023ರ ಅಕ್ಟೋಬರ್‌ನಲ್ಲಿ ಒಂದೇ ಏಟಿಗೆ 50,000 ಆಯಿತು. ಯೆನ್‌ಗೆ 60 ಪೈಸೆ ಹಿಡಿದರೆ ಮೂವತ್ತು ಸಾವಿರ ರೂಪಾಯಿ. ಹಳೆಯ ಯೂಟ್ಯೂಬ್ ವಿಡಿಯೋಗಳಲ್ಲಿ ‘ಕಣ್ಣು ಮುಚ್ಚಿ ತಗೊಳ್ಳಿ’ ಎನ್ನುವುದು ಹಳೆಯ ದರವನ್ನು ನಂಬಿ ಹೇಳಿದ ಮಾತು. ಈಗಿನ ದರದಲ್ಲಿ, ಅದೂ ಅನಿಮೆ ಜಾಗ ನೋಡಲೆಂದೇ ಹೋಗುವವರಿಗೆ, ಇದು ಬಹುಪಾಲು ದಂಡ.

ಬೆಲೆಯೊಂದೇ ಕಾರಣವಲ್ಲ. ಪಾಸ್ ನಡೆಯುವುದು ಜೆಆರ್ (ಜಪಾನ್ ರೈಲ್ವೇಸ್) ಗುಂಪಿನ ರೈಲುಗಳಲ್ಲಿ. ಅನಿಮೆಯಲ್ಲಿ ಬಂದ ಎಷ್ಟೋ ಊರುಗಳಿಗೆ ಹೋಗಬೇಕಾದ್ದು ಸಣ್ಣ ಖಾಸಗಿ ಲೈನುಗಳಲ್ಲಿ. ‘ಅನೊಹಾನಾ’ದ ಚಿಚಿಬುಗೆ ಇಕೆಬುಕುರೊದಿಂದ ನೇರವಾಗಿ ಹೋಗುವುದು ಸೇಯಿಬು (Seibu) ಎಂಬ ಖಾಸಗಿ ಕಂಪನಿಯ ರೈಲು. ‘ಲಕ್ಕಿ ಸ್ಟಾರ್’ನ ವಾಶಿನೊಮಿಯಾ ತೋಬು ಲೈನಿನದು. ‘ಕೆ-ಆನ್!’ ಶಾಲೆಗೆ ಮಾದರಿಯಾದ ತೊಯೊಸಾತೊದ ಹಳೆಯ ಪ್ರಾಥಮಿಕ ಶಾಲೆಗೆ ಓಮಿ ರೈಲ್ವೆ. ‘ಗರ್ಲ್ಸ್ ಉಂಡ್ ಪಾಂಜರ್’ನ ಓಅರಾಯಿಗೆ ಮಿತೊವರೆಗೆ ಜೆಆರ್ ಸರಿ, ಅಲ್ಲಿಂದ ಮುಂದೆ ಕಾಶಿಮಾ ರಿಂಕಾಯ್ ರೈಲ್ವೆಗೆ ಬೇರೆ ದುಡ್ಡು. ಈ ಊರುಗಳಿಗಾಗಿ ಜೆಆರ್ ಪಾಸ್ ತೆಗೆಯುವುದು ಶಿರಸಿಗೆ ಹೋಗಲು ರೈಲ್ವೆ ಪಾಸ್ ಮಾಡಿಸಿದ ಹಾಗೆ.

‘ಸ್ಲ್ಯಾಮ್ ಡಂಕ್’ನ ರೈಲ್ವೆ ಗೇಟ್ ಇರುವುದು ಕಾಮಾಕುರಾಕೊಕೊಮಾಏ ಸ್ಟೇಷನ್ ಪಕ್ಕದಲ್ಲೇ. ಫುಜಿಸಾವಾ ಮತ್ತು ಕಾಮಾಕುರಾ ನಡುವೆ ಹತ್ತು ಕಿಲೋಮೀಟರ್ ಓಡುವ ಎನೊಡೆನ್ ಲೈನಿನ ಸ್ಟೇಷನ್ ಅದು. ಜೆಆರ್ ಪಾಸ್ ತೋರಿಸಿದರೆ ಒಳಗೆ ಬಿಡುವುದಿಲ್ಲ. ದುಡ್ಡು ತುಂಬಿಸಿ ಗೇಟಿಗೆ ಒತ್ತುವ ಸುಯಿಕಾ ಕಾರ್ಡ್ ಸಾಕು. ಎನೊಡೆನ್‌ನದೇ ದಿನದ ಪಾಸ್ ಇದೆ, ಆದರೆ ಹಾಸೆಯ ದೊಡ್ಡ ಬುದ್ಧ, ಎನೊಶಿಮಾ ಅಂತ ಮೂರ್ನಾಲ್ಕು ಕಡೆ ಇಳಿದು ಹತ್ತುವವರಿಗೆ ಮಾತ್ರ ಲಾಭ. ಅನಿಮೆಯ ದೃಶ್ಯದ ಹಾಗೇ ಗೇಟಿನ ಫೋಟೊ ತೆಗೆಯಲು ಕ್ಯಾಮೆರಾ ಹಿಡಿಯಬೇಕಾದ್ದು ದಕ್ಷಿಣಕ್ಕೆ, ಸಮುದ್ರದ ಕಡೆಗೆ. ನಡುಹಗಲಲ್ಲಿ ಬಿಸಿಲು ನೇರ ಲೆನ್ಸಿಗೆ ಹೊಡೆದು ರೈಲು ಕಪ್ಪಾಗಿ ಬರುತ್ತದೆ. ಬೆಳಿಗ್ಗೆ ಬೇಗ ಹೋದರೆ ಬೆಳಕೂ ಸರಿ, ಜನವೂ ಕಡಿಮೆ. ರಸ್ತೆಗೆ ಇಳಿದು ಫೋಟೊ ತೆಗೆಯಬೇಡಿ. ಅಲ್ಲಿಯ ನಿವಾಸಿಗಳು ಇದರಿಂದ ರೋಸಿಹೋಗಿದ್ದಾರೆ. ಎನೊಶಿಮಾದಲ್ಲಿ ಶಿರಾಸು ಎಂಬ ಸಣ್ಣ ಮೀನನ್ನು ಅನ್ನದ ಮೇಲೆ ಹಾಕಿ ಕೊಡುತ್ತಾರೆ, ಕರಾವಳಿಯವರಿಗೆ ಖಂಡಿತ ರುಚಿಸುತ್ತದೆ. ಶಿರಸಿ ಕಡೆಯ ಸಸ್ಯಾಹಾರಿಗಳು ಸಾದಾ ಸೋಬಾ (ನೂಡಲ್ಸ್) ಸಾರಿನಲ್ಲೂ ಒಣ ಮೀನಿನ ರಸ ಇರುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಿ.

ಪಾಸ್ ಪರ ವಾದಿಸುವವರು ಮುಂದಿಡುವುದು ‘ಕಿಮಿ ನೊ ನಾ ವಾ’ ಚಿತ್ರದ ಹಿದಾ-ಫುರುಕಾವಾವನ್ನು. ಅದು ನಿಜಕ್ಕೂ ಜೆಆರ್ ಲೈನೇ. ಆದರೂ ಲೆಕ್ಕ ಹಾಕಿ ನೋಡಿ. ಟೋಕಿಯೊದಿಂದ ನಗೊಯಾಗೆ ಸುಮಾರು 11,000 ಯೆನ್, ಅಲ್ಲಿಂದ ಹಿದಾ ಎಕ್ಸ್‌ಪ್ರೆಸ್‌ನಲ್ಲಿ ಫುರುಕಾವಾಗೆ ಆರೂವರೆ ಸಾವಿರ, ಮುಂದೆ ತೊಯಾಮಾಗೆ ಮೂರು ಸಾವಿರದ ಆಸುಪಾಸು, ತೊಯಾಮಾದಿಂದ ಬುಲೆಟ್ ರೈಲು ಶಿಂಕಾನ್ಸೆನ್‌ನಲ್ಲಿ ಟೋಕಿಯೊಗೆ 13,000. ಇಡೀ ಸುತ್ತು ಮುಗಿದರೂ ಮೂವತ್ತಮೂರು, ಮೂವತ್ತನಾಲ್ಕು ಸಾವಿರ ದಾಟುವುದಿಲ್ಲ. ಉಳಿದ ಹದಿನಾರು ಸಾವಿರ ಹುಟ್ಟಿಸಲು ಬೇಡದ ಊರಿಗೆಲ್ಲ ಓಡಬೇಕಾಗುತ್ತದೆ, ಏಳು ದಿನದಲ್ಲಿ ಫ್ರೇಮ್ ಹೊಂದಿಸುವ ಪುರುಸೊತ್ತೂ ಉಳಿಯುವುದಿಲ್ಲ. ಅಂದ ಹಾಗೆ, 2016ರ ಆ ಚಿತ್ರದಲ್ಲಿ ಕಾಣುವ ಹಳೆಯ ಮಾದರಿಯ ಡೀಸೆಲ್ ರೈಲು 2023ರಲ್ಲಿ ಹಿದಾ ಸೇವೆಯಿಂದ ನಿವೃತ್ತವಾಯಿತು. ಸ್ಟೇಷನ್ ಮೇಲಿನ ದಾರಿಯಿಂದ ಎಷ್ಟೇ ಹೊತ್ತು ಕಾದರೂ ಚಿತ್ರದ ರೈಲು ಬಾರದು. ಈ ಬೆಟ್ಟದ ಊರುಗಳಿಗೆ ಸುಯಿಕಾ ನಂಬದೆ ಕಾಗದದ ಟಿಕೆಟ್ ತೆಗೆಯಿರಿ: ಟೋಕಿಯೊ ವಲಯದಲ್ಲಿ ಕಾರ್ಡ್ ಒತ್ತಿ ಒಳಗೆ ಹೋಗಿ ನಗೊಯಾ ವಲಯದಲ್ಲಿ ಹೊರಬರಲು ಆಗುವುದಿಲ್ಲ.

ಹಾಗಾದರೆ ಪಾಸ್ ಯಾರಿಗೆ? ಒಂದೇ ವಾರದಲ್ಲಿ ಟೋಕಿಯೊದಿಂದ ಫುಕುಓಕಾವರೆಗೆ ಹೋಗಿ ಬರುವವರಿಗೆ. ಹೋಗಿ ಬರುವ ದರವೇ 46,000ದ ಹತ್ತಿರ ಬರುವುದರಿಂದ, ನಡುವೆ ಕ್ಯೋಟೊದಲ್ಲಿ ಇಳಿದು, ಕುರೆ ಲೈನಿನಲ್ಲಿ ‘ತಮಾಯುರಾ’ ಅನಿಮೆಯ ತಾಕೆಹಾರಾಗೂ ಹೋಗಿ ಬಂದರೆ ಗಿಟ್ಟುತ್ತದೆ. ಆಗಲೂ ನೊಝೊಮಿ ಎಂಬ ಅತಿ ವೇಗದ ಶಿಂಕಾನ್ಸೆನ್ ಹತ್ತಿದರೆ ಹೆಚ್ಚುವರಿ ಶುಲ್ಕ ಇದೆ, ಟೋಕಿಯೊ–ಕ್ಯೋಟೊಗೆ 4,960 ಯೆನ್. ಅದಕ್ಕಿಂತ ತುಸು ನಿಧಾನದ ಹಿಕಾರಿ ಹಿಡಿದರೆ ಅರ್ಧ ಗಂಟೆಯಷ್ಟೇ ತಡ. ದಿನದ ಎಣಿಕೆ ತಾರೀಖಿನ ಪ್ರಕಾರ, 24 ಗಂಟೆಯ ಪ್ರಕಾರ ಅಲ್ಲ. ರಾತ್ರಿ ವಿಮಾನ ಇಳಿದು ಪಾಸ್ ಶುರು ಮಾಡಿದರೆ ಒಂದು ದಿನ ಹೋಯಿತು. ಏಜೆಂಟರಿಂದ ಕೊಂಡ ವೋಚರನ್ನು ಮೂರು ತಿಂಗಳೊಳಗೆ ಜಪಾನಿನಲ್ಲಿ ಪಾಸ್ ಆಗಿ ಬದಲಿಸಿಕೊಳ್ಳಬೇಕು, ಆದ್ದರಿಂದ ವೀಸಾ ಬರುವ ಮೊದಲೇ ಅವಸರ ಬೇಡ.

ಮಕ್ಕಳ ಬೇಸಿಗೆ ರಜೆಗೆ ಹೊಂದಿಸಿದರೆ ಏಪ್ರಿಲ್ ಕೊನೆಗೆ ಶುರುವಾಗುವ ಜಪಾನಿನ ಸಾಲು ರಜೆ, ಗೋಲ್ಡನ್ ವೀಕ್‌ನ ನೂಕುನುಗ್ಗಲು, ಆಗ ನೊಝೊಮಿಯಲ್ಲಿ ಕಾಯ್ದಿರಿಸದ ಸೀಟೇ ಇರುವುದಿಲ್ಲ. ಬೋಟ್‌ನವರಿಗೆ ಬಿಡುವು ಸಿಗುವ ಜೂನ್‌ನಲ್ಲಿ ಅಲ್ಲಿಯೂ ಮಳೆ. ಅಡಿಕೆ ಕೊಯ್ಲು ಜೋರಾಗುವ ಮೊದಲು, ಅಕ್ಟೋಬರ್ ಕೊನೆಗೆ ಹೋಗುವುದು ಎಲ್ಲಕ್ಕಿಂತ ಮೇಲು. ಪಾಸ್ ಇಲ್ಲದೆ ಹೋಗುವವರಿಗೆ ಶಿಂಕಾನ್ಸೆನ್ ಸೀಟು ತೆರೆಯುವುದು ಒಂದು ತಿಂಗಳ ಮೊದಲು ಜಪಾನಿನ ಬೆಳಿಗ್ಗೆ 10ಕ್ಕೆ, ನಮ್ಮ 6.30ಕ್ಕೆ. ಸೂಟ್‌ಕೇಸಿನ ಉದ್ದ, ಅಗಲ, ಎತ್ತರ ಕೂಡಿದರೆ 160 ಸೆಂ.ಮೀ. ದಾಟುವುದಾದರೆ ಟೋಕಿಯೊ–ಕ್ಯೋಟೊ ದಾರಿಯ ಟೊಕಾಯ್ದೊ ಶಿಂಕಾನ್ಸೆನ್ ಲೈನಿನಲ್ಲಿ ಹಿಂಬದಿ ಜಾಗ ಇರುವ ಸೀಟನ್ನೇ ಆರಿಸಿ. ಕಾಯ್ದಿರಿಸದೆ ತಂದರೆ 1,000 ಯೆನ್ ಕಟ್ಟಬೇಕು.